ಟ್ಯೂಬ್‌ಲೈಟಿನ ಮೇಲಣ ಅಪವಾದಗಳು

ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಯ ಮೇಲಿನ ಟ್ಯೂಬ್‌ಲೈಟು ಒಮ್ಮೆ ಹೊತ್ತಿ, ಒಮ್ಮೆ ಆರಿ, ಮತ್ತೆ ಹೊತ್ತುವ ಹವಣಿಕೆಯಲ್ಲಿ ಮಿಣುಕಲಾರಂಭಿಸಿತೆಂದರೆ, ಮನೆಯಲ್ಲಿರುವ ಪ್ರತಿಯೊಬ್ಬರೂ ಕ್ಷಣಮಾತ್ರದಲ್ಲಿ ವಿದ್ಯುಚ್ಛಾಸ್ತ್ರದ ಪಂಡಿತರಾಗುತ್ತಾರೆ. ಟ್ಯೂಬಿನೊಳಗಿನ ಗ್ಯಾಸು ಮುಗಿಯಿತೆಂದು ಅಜ್ಜನವರು ತೀರ್ಪು ಕೊಡುತ್ತಾರೆ. ಸ್ಟೂಲನ್ನೆಳೆದು ಹತ್ತಿದ ಮೊಮ್ಮಗ ಟ್ಯೂಬನ್ನು ಹೋಲ್ಡರಿನಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡುತ್ತಾನೆ. ಪೊರಕೆಯ ಹಿಡಿಯಿಂದ ಟ್ಯೂಬನ್ನು ಕೂರಿಸಿದ ಪಟ್ಟಿಗೆ ಎರಡೇಟು ಬಿಗಿದರೆ ಸರಿಹೋದೀತೆಂಬುದು ಅಡುಗೆಮನೆಯ ಕಡೆಯಿಂದ ಬರುವ ಸಲಹೆ. ಕರೆಂಟಿನವರು ಕೊಡುವ ವೋಲ್ಟೇಜೇ ಸರಿಯಿಲ್ಲವೆಂದು ನೆರೆಮನೆಯಾತ ಹಿತ್ತಲಿನ ಬೇಲಿಯಾಚೆಯಿಂದಲೇ ನಿರ್ಣಯಿಸುತ್ತಾನೆ. ಇವರಲ್ಲಿ ಯಾರ ಮಾತೂ ಸಂಪೂರ್ಣ ನಿರಾಧಾರವೆನ್ನಲಾಗದು. ಆದರೆ ಮಿಣುಕುವಿಕೆಯೆಂಬುದು ಒಂದೇ ದೋಷವೆಂದೂ ಅದಕ್ಕೆ ಒಂದೇ ಮದ್ದೆಂದೂ ಎಲ್ಲರೂ ಸಮಾನವಾಗಿ ಭಾವಿಸಿರುವುದರಿಂದ, ಮರುದಿನ ಬೆಳಗ್ಗೆ ಅಂಗಡಿಯಿಂದ ಹೊಸ ಟ್ಯೂಬೊಂದು ಬರುತ್ತದೆ, ಹಳೆಯದು ಹಿತ್ತಿಲಿಗೆ ಹೋಗುತ್ತದೆ, ಸಂಜೆಗೆ ಹೊಸದೂ ಅದೇ ರೀತಿಯಲ್ಲಿ ಮಿಣುಕುತ್ತದೆ.

ಈ ತಪ್ಪುಗ್ರಹಿಕೆಗಳ ಮೂಲವನ್ನು ಹುಡುಕಿಕೊಂಡು ಹೋದರೆ, ಅವುಗಳಲ್ಲಿ ಬಹುಪಾಲು ಬುರುಡೆ ದೀಪದ ಕಾಲದಲ್ಲಿ ನಮಗೆ ಅಂಟಿಕೊಂಡ ಅಭ್ಯಾಸದಿಂದ ಹುಟ್ಟಿದವೆಂದು ನನಗೆ ತೋರುತ್ತದೆ. ಶಿವನಸಮುದ್ರದ ಜಲಪಾತದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳು ಅದರಿಂದ ಬೆಳಗಿದಾಗ, ಟ್ಯೂಬ್‌ಲೈಟೆಂಬ ವಸ್ತು ಜಗತ್ತಿನ ಯಾವ ಅಂಗಡಿಯಲ್ಲಿಯೂ ಇರಲಿಲ್ಲ. ಅಮೆರಿಕ ದೇಶದಲ್ಲಿಯೇ ಅದು ಮಾರಾಟಕ್ಕೆ ಬಂದುದು 1938ರಲ್ಲಿ. ಅಷ್ಟರಲ್ಲಿ ದೀಪವೆಂದರೆ ಬುರುಡೆ, ಬುರುಡೆಯೆಂದರೆ ತಂತು, ತಂತು ಕಡಿದರೆ ದೀಪದ ಆಯುಸ್ಸು ಮುಗಿಯಿತು ಎಂಬ ಸರಳವಾದ ನ್ಯಾಯ ಜನರ ಮನಸ್ಸಿನಲ್ಲಿ ಬೇರೂರಿತ್ತು. ಬುರುಡೆಗೆ ಬದುಕಿರುವುದು ಅಥವಾ ಸತ್ತಿರುವುದು ಎಂಬ ಎರಡೇ ಅವಸ್ಥೆ. ಟ್ಯೂಬ್‌ಲೈಟಾದರೋ ಒಂದು ವಸ್ತುವಲ್ಲ. ಟ್ಯೂಬು, ಚೋಕು, ಸ್ಟಾರ್ಟರು, ಹೋಲ್ಡರುಗಳೆಂಬ ನಾಲ್ಕು ಅಂಗಗಳು ಕೂಡಿ ನಡೆಸುವ ವ್ಯವಹಾರ. ಅವುಗಳಲ್ಲಿ ಒಂದು ತಪ್ಪಿದರೂ ಅದರ ಲಕ್ಷಣ ಕಾಣಿಸಿಕೊಳ್ಳುವುದು ಮಾತ್ರ ಟ್ಯೂಬಿನ ಮೈಮೇಲೆಯೇ ಆದುದರಿಂದ, ಉಳಿದ ಮೂರರ ಅಪರಾಧವನ್ನೂ ಅದೇ ಹೊರಬೇಕಾಗಿ ಬಂದಿದೆ.

ಗ್ಯಾಸು ಮುಗಿಯಿತೆಂಬ ಅಜ್ಜನವರ ಮಾತನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅದು ಎಲ್ಲಕ್ಕಿಂತ ಹಳೆಯದು ಮತ್ತು ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿರತಕ್ಕದ್ದು. ಟ್ಯೂಬಿನೊಳಗೆ ಅತ್ಯಲ್ಪ ಒತ್ತಡದಲ್ಲಿ ಆರ್ಗಾನಿನಂತಹ ಅನಿಲವಿರುವುದೂ, ಅದರೊಡನೆ ಕೆಲವೇ ಮಿಲಿಗ್ರಾಮುಗಳಷ್ಟು ಪಾದರಸವಿರುವುದೂ ನಿಜ. ಎರಡು ತುದಿಗಳಲ್ಲಿರುವ ತಂತುಗಳು ಕಾದು ಎಲೆಕ್ಟ್ರಾನುಗಳನ್ನು ಹೊರಸೂಸಿದಾಗ, ಅವು ಪಾದರಸದ ಆವಿಯ ಪರಮಾಣುಗಳಿಗೆ ತಾಕಿ, ಮುಖ್ಯವಾಗಿ 254 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಕಿರಣಗಳನ್ನು ಹೊಮ್ಮಿಸುತ್ತವೆ. ಈ ಕಿರಣ ನಮ್ಮ ಕಣ್ಣಿಗೆ ಗೋಚರವಲ್ಲ; ಗಾಜಿನ ಒಳಮೈಗೆ ಬಳಿದಿರುವ ಬಿಳಿಯ ಪುಡಿ ಅದನ್ನು ಹೀರಿಕೊಂಡು ಕಾಣತಕ್ಕ ಬೆಳಕಾಗಿ ಪರಿವರ್ತಿಸುತ್ತದೆ. ಈ ಸಮಸ್ತ ವ್ಯಾಪಾರದಲ್ಲಿ ಅನಿಲವು ಎಲ್ಲಿಯೂ ಉರಿಯುವುದಿಲ್ಲ, ವ್ಯಯವಾಗುವುದೂ ಇಲ್ಲ. ಗಾಜು ಸೀಳದಿರುವವರೆಗೆ ಅದು ತುಂಬಿದ ದಿನ ಎಷ್ಟಿತ್ತೋ ಹೆಚ್ಚುಕಡಮೆ ಅಷ್ಟೇ ಇರುತ್ತದೆ. ಪಾದರಸವು ಬಹುಕಾಲದಲ್ಲಿ ಸ್ವಲ್ಪಸ್ವಲ್ಪವಾಗಿ ಗಾಜಿನಲ್ಲಿಯೂ ಪುಡಿಯಲ್ಲಿಯೂ ಹುದುಗಿಹೋಗುವುದುಂಟು; ಆಗ ಟ್ಯೂಬು ನಸುಗೆಂಪಾಗಿ ಮಂಕಾಗುತ್ತದೆ. ಮಂಕಾಗುವುದು ಬೇರೆ, ಮಿಣುಕುವುದು ಬೇರೆ. ವಾಸ್ತವವಾಗಿ ಸವೆಯುವುದು ತಂತುಗಳ ಮೇಲಿರುವ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ ಆಕ್ಸೈಡುಗಳ ತೆಳುವಾದ ಲೇಪ. ಎಲೆಕ್ಟ್ರಾನುಗಳನ್ನು ಧಾರಾಳವಾಗಿ ಬಿಡತಕ್ಕ ಆ ಲೇಪ ತೀರಿದ ಬಳಿಕ, ಒಳಗೆ ಅನಿಲವೆಷ್ಟಿದ್ದರೂ ಪ್ರಯೋಜನವಿಲ್ಲ.

ಟ್ಯೂಬಿನ ತುದಿಗಳು ಕಪ್ಪಾಗುವುದಕ್ಕೂ ಇದೇ ಕಾರಣ. ತಂತುವಿನಿಂದ ಆವಿಯಾಗಿ ಹಾರಿದ ದ್ರವ್ಯವು ಸಮೀಪದ ಗಾಜಿನ ಮೇಲೆ ಕುಳಿತು ಮಸಿಯಂತೆ ಕಾಣುತ್ತದೆ. ಒಳಗೆ ಏನೂ ಸುಟ್ಟಿರುವುದಿಲ್ಲ. ತುದಿ ಕಪ್ಪಾದ ಮಾತ್ರಕ್ಕೆ ಟ್ಯೂಬನ್ನು ಎಸೆಯತಕ್ಕ ಆತುರವೂ ಸಲ್ಲದು: ವರುಷಗಟ್ಟಲೆ ಉರಿದ ಟ್ಯೂಬಿನ ತುದಿ ಬೂದುಬಣ್ಣಕ್ಕೆ ತಿರುಗಿಯೂ ಅದು ಇನ್ನೂ ಬಹುಕಾಲ ಸ್ಥಿರವಾಗಿ ಬೆಳಗಬಹುದು. ಕಡುಕಪ್ಪು ತುದಿಯೂ ನಿಲ್ಲದ ಮಿಣುಕೂ ಜೊತೆಯಾಗಿ ಕಂಡಾಗ ಮಾತ್ರ ಅದರ ಆಯುಸ್ಸು ಮುಗಿಯಿತೆಂದು ತಿಳಿಯಬೇಕು. ಹೊಸ ಟ್ಯೂಬೇ ಕೆಲವು ದಿವಸಗಳಲ್ಲಿ ಕಪ್ಪಾಯಿತೆಂದರೆ ತಪ್ಪು ಅದರದ್ದಲ್ಲ. ಅದನ್ನು ಪದೇಪದೇ ಹೊತ್ತಿಸಲೆಳಸಿ ತಂತುಗಳನ್ನು ವ್ಯರ್ಥವಾಗಿ ಕಾಯಿಸಿದ ಸ್ಟಾರ್ಟರಿನ ಮೇಲೆ ಶಂಕಿಸುವುದು ನ್ಯಾಯ.

ಚೋಕಿನ ವಿಷಯದಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯ ಇನ್ನೂ ವಿಚಿತ್ರವಾದುದು. ಅದು ಕರೆಂಟನ್ನು ಹೆಚ್ಚಿಸಿ ಟ್ಯೂಬಿಗೆ ಕೊಡುತ್ತದೆಂದು ನಂಬಿರುವವರು ಬಹುಮಂದಿ. ವೈರಿಂಗಿನ ಕೆಲಸವನ್ನೇ ವೃತ್ತಿಯಾಗಿಸಿಕೊಂಡವರ ಬಾಯಲ್ಲಿಯೂ ಈ ಮಾತನ್ನು ಕೇಳಿದ್ದೇನೆ. ಸತ್ಯವು ಇದಕ್ಕೆ ಮುಕ್ಕಾಲು ಪಾಲು ವಿರುದ್ಧ. ಬುರುಡೆಯ ತಂತು ಕಾದಷ್ಟೂ ಅದರ ಪ್ರತಿರೋಧ ಹೆಚ್ಚಿ, ಹರಿಯುವ ವಿದ್ಯುತ್ತಿಗೆ ತಾನೇ ಒಂದು ಮಿತಿಯನ್ನು ವಿಧಿಸಿಕೊಳ್ಳುತ್ತದೆ. ಅನಿಲದ ಸ್ವಭಾವ ಹಾಗಲ್ಲ. ವಿದ್ಯುತ್ತು ಹರಿದಷ್ಟೂ ಅದರ ಪ್ರತಿರೋಧ ಕುಗ್ಗಿ, ಕುಗ್ಗಿದಷ್ಟೂ ಇನ್ನಷ್ಟು ವಿದ್ಯುತ್ತು ಹರಿದು, ತಡೆಯುವವರಿಲ್ಲದಿದ್ದರೆ ಕೆಲವೇ ಕ್ಷಣಗಳಲ್ಲಿ ಫ್ಯೂಸು ಹಾರುವುದೋ ಟ್ಯೂಬೇ ನಾಶವಾಗುವುದೋ ನಿಶ್ಚಯ. ಘಾಟಿಯ ಇಳಿಜಾರಿನಲ್ಲಿ ಇಳಿಯುತ್ತಿರುವ ಭಾರದ ಗಾಡಿಗೆ ಮರದ ತಡೆ ಹೇಗೋ, ಟ್ಯೂಬಿಗೆ ಚೋಕು ಹಾಗೆ. ಕಬ್ಬಿಣದ ತಗಡುಗಳ ಸುತ್ತ ತಾಮ್ರದ ತಂತಿಯನ್ನು ಸುತ್ತಿದ ಈ ಸುರುಳಿ, ನಾಲ್ಕು ಅಡಿಯ 36 ವ್ಯಾಟಿನ ಟ್ಯೂಬಿನಲ್ಲಿ ಹರಿಯುವ ವಿದ್ಯುತ್ತನ್ನು ಸುಮಾರು 0.43 ಆಂಪಿಯರಿಗೆ ಕಟ್ಟಿಹಾಕುತ್ತದೆ. ನಮ್ಮ ಮನೆಗೆ ಬರುವ 230 ವೋಲ್ಟಿನಲ್ಲಿ ಉರಿಯುವ ಟ್ಯೂಬಿನ ಪಾಲಿಗೆ ನೂರರ ಆಸುಪಾಸು ಮಾತ್ರ ಉಳಿಯುತ್ತದೆ. ವೋಲ್ಟೇಜನ್ನು ಏರಿಸುವ ಕೆಲಸವನ್ನು ಅದು ಮಾಡುವುದಿಲ್ಲವೆಂದಲ್ಲ. ಮಾಡುವುದು ಒಂದು ಕ್ಷಣ ಮಾತ್ರ, ಅದೂ ಸ್ಟಾರ್ಟರಿನ ಪ್ರೇರಣೆಯಿಂದ.

ಸ್ಟಾರ್ಟರೆಂಬ ಬೆರಳುದ್ದದ ಡಬ್ಬಿಯೊಳಗೆ ಅನಿಲ ತುಂಬಿದ ಚಿಕ್ಕದೊಂದು ಗಾಜಿನ ಬುರುಡೆಯಿರುತ್ತದೆ. ಅದರಲ್ಲಿ ಎರಡು ಲೋಹಗಳನ್ನು ಬೆಸೆದ ಬಾಗುವ ಪಟ್ಟಿಯೊಂದಿರುತ್ತದೆ. ಸ್ವಿಚ್ಚು ಹಾಕಿದೊಡನೆ ಈ ಬುರುಡೆ ಮಿನುಗಿ, ಆ ಶಾಖಕ್ಕೆ ಪಟ್ಟಿ ಬಾಗಿ ಎದುರಿನ ಲೋಹವನ್ನು ಮುಟ್ಟುತ್ತದೆ. ಮುಟ್ಟಿದಾಗ ವಿದ್ಯುತ್ತು ಚೋಕಿನ ಮೂಲಕ ಎರಡು ತುದಿಗಳ ತಂತುಗಳಲ್ಲಿಯೂ ಹರಿದು ಅವನ್ನು ಕೆಂಪಗೆ ಕಾಯಿಸುತ್ತದೆ. ಮುಟ್ಟಿದುದರಿಂದಲೇ ಮಿನುಗು ನಿಂತು ಪಟ್ಟಿ ತಣ್ಣಗಾಗಿ ಹಿಂದೆ ಸರಿಯುತ್ತದೆ. ಹಾಗೆ ಸರಿದು ಸರ್ಕೀಟು ಕಡಿದ ಕ್ಷಣದಲ್ಲಿ, ಚೋಕಿನೊಳಗೆ ಕೂಡಿದ್ದ ಕಾಂತಕ್ಷೇತ್ರ ಕುಸಿದು, ನೂರಾರು ವೋಲ್ಟುಗಳ ಒಂದು ಪೆಟ್ಟನ್ನು ಟ್ಯೂಬಿಗೆ ಕೊಡುತ್ತದೆ. ಕಾದ ತಂತುಗಳ ನಡುವೆ ವಿದ್ಯುತ್ತಿನ ದಾರಿ ತೆರೆಯುವುದು ಆ ಪೆಟ್ಟಿಗೆ. ಅದು ತೆರೆದ ಮೇಲೆ ಟ್ಯೂಬಿನ ತುದಿಗಳ ನಡುವಣ ವೋಲ್ಟೇಜು ತಗ್ಗಿರುವುದರಿಂದ ಸ್ಟಾರ್ಟರು ಪುನಃ ಮಿನುಗುವುದಿಲ್ಲ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಉರಿಯುತ್ತಿರುವ ಟ್ಯೂಬಿನ ಸ್ಟಾರ್ಟರನ್ನು ಬಿಚ್ಚಿ ತೆಗೆದರೂ ಬೆಳಕು ಆರುವುದಿಲ್ಲ. ಸ್ಟಾರ್ಟರಿನಿಂದಲೇ ದೀಪ ಉರಿಯುತ್ತದೆಂದು ನಂಬಿರುವವರಿಗೆ ಇದು ಸೋಜಿಗವಾಗಿ ಕಂಡೀತು.

ಇಷ್ಟನ್ನು ತಿಳಿದವನಿಗೆ ಮಿಣುಕಿನ ರೀತಿಯನ್ನು ನೋಡಿಯೇ ದೋಷದ ಸ್ಥಾನವನ್ನು ಬಹುಮಟ್ಟಿಗೆ ಊಹಿಸುವುದು ಸಾಧ್ಯವಾಗುತ್ತದೆ. ಎರಡು ತುದಿಗಳೂ ಕೆಂಪಗೆ ಕಾದುಕೊಂಡೇ ಇದ್ದು ನಡುಭಾಗ ಕತ್ತಲೆಯಾಗಿರುವುದಾದರೆ, ಸ್ಟಾರ್ಟರಿನೊಳಗಿನ ಪಟ್ಟಿ ಅಂಟಿಕೊಂಡಿದೆ ಅಥವಾ ಅದರ ಪಕ್ಕದ ಪುಟ್ಟ ಕೆಪಾಸಿಟರು ಕೆಟ್ಟು ಒಳಗೇ ಕೂಡಿಕೊಂಡಿದೆ ಎಂದರ್ಥ. ಆಗ ಹೊಸ ಟ್ಯೂಬನ್ನು ಕೊಂಡುತಂದು ಹಾಕುವುದೆಂದರೆ ಅದರ ತಂತುಗಳನ್ನೂ ಅದೇ ಬೇಗೆಗೆ ಒಪ್ಪಿಸಿದಂತೆಯೇ ಸರಿ. ಹೊತ್ತುವುದೂ ಆರುವುದೂ ಬಿಡುವಿಲ್ಲದೆ ನಡೆದಿದ್ದರೆ ಮುದಿಯಾದ ಟ್ಯೂಬು, ಸೋತ ಸ್ಟಾರ್ಟರು, ಕುಸಿದ ವೋಲ್ಟೇಜು, ಇವು ಮೂರರಲ್ಲಿ ಒಂದನ್ನು ಸಂಶಯಿಸಬೇಕು. ಪಕ್ಕದ ಕೋಣೆಯಲ್ಲಿ ಸರಿಯಾಗಿ ಉರಿಯುತ್ತಿರುವ ದೀಪದ ಸ್ಟಾರ್ಟರನ್ನು ತಂದು ಇಲ್ಲಿಗೆ ಹಾಕಿ ನೋಡುವುದು ಮೊದಲ ಪರೀಕ್ಷೆ. ಅದರಿಂದ ಗುಣ ಕಾಣದಿದ್ದರೆ ಅಲ್ಲಿಯ ಟ್ಯೂಬನ್ನೇ ತಂದು ನೋಡುವುದು ಎರಡನೆಯದು. ಅಂಗಡಿಗೆ ಹೋಗುವ ಮೊದಲು ಈ ಎರಡು ಪರೀಕ್ಷೆಗಳನ್ನು ಮಾಡಲೇಬೇಕೆಂದು ನಾನು ಆಗ್ರಹಪೂರ್ವಕವಾಗಿ ಹೇಳುವೆನು, ಏಕೆಂದರೆ ಖರ್ಚಿಲ್ಲದೆ ದೊರೆಯುವ ನಿಶ್ಚಯವನ್ನು ಬಿಟ್ಟು ಖರ್ಚಿನ ಅನಿಶ್ಚಯಕ್ಕೆ ಕೈಹಾಕುವುದರಲ್ಲಿ ಯಾವ ವಿವೇಕವೂ ಇಲ್ಲ. ತುದಿಯಲ್ಲಿ ಕೆಂಪೂ ಇಲ್ಲ, ಮಿಣುಕೂ ಇಲ್ಲ, ಏನೂ ಇಲ್ಲವೆಂದಾದರೆ ಎಲ್ಲಿಯೋ ದಾರಿ ಕಡಿದಿದೆ: ತಂತುವಿರಬಹುದು, ಚೋಕಿನ ತಂತಿಯಿರಬಹುದು, ಹೋಲ್ಡರಿನ ಕಿಲುಬು ಹಿಡಿದ ತಗಡಿರಬಹುದು.

ಹೊತ್ತಿದ ಮೇಲೆಯೂ ಬೆಳಕು ಕಂಪಿಸುತ್ತಿರುವಂತೆ ಕಣ್ಣಿಗೆ ನಿಚ್ಚಳವಾಗಿ ಕಾಣುವ ಇನ್ನೊಂದು ಬಗೆಯ ಮಿಣುಕುಂಟು. ಅದು ಸ್ಟಾರ್ಟರಿನದಲ್ಲ. ಎರಡು ತಂತುಗಳಲ್ಲಿ ಒಂದರ ಲೇಪ ಮಾತ್ರ ಮೊದಲು ತೀರಿದಾಗ, ವಿದ್ಯುತ್ತು ಒಂದು ದಿಕ್ಕಿನಲ್ಲಿ ಸಲೀಸಾಗಿಯೂ ಇನ್ನೊಂದು ದಿಕ್ಕಿನಲ್ಲಿ ಪ್ರಯಾಸದಿಂದಲೂ ಹರಿಯತೊಡಗುತ್ತದೆ. ಸೆಕೆಂಡಿಗೆ ನೂರು ಬಾರಿ ಆಗಬೇಕಾದ ಏರಿಳಿತ ಐವತ್ತಕ್ಕಿಳಿದು ಕಣ್ಣಿಗೆ ಸಿಕ್ಕುತ್ತದೆ. ಇದಕ್ಕೆ ಟ್ಯೂಬನ್ನು ಬದಲಾಯಿಸದೆ ಗತ್ಯಂತರವಿಲ್ಲ. ಬದಲಾಯಿಸದೆ ಬಿಟ್ಟರೆ ಚೋಕೂ ಅತಿಯಾಗಿ ಕಾಯುತ್ತದೆ. ಇದಕ್ಕೆ ವಿರುದ್ಧವಾಗಿ, ಹೊಚ್ಚಹೊಸ ಟ್ಯೂಬಿನೊಳಗೆ ಬೆಳಕು ಸುರುಳಿಸುರುಳಿಯಾಗಿ ಸುತ್ತಿ ಹರಿಯುವುದನ್ನು ಕಂಡು, ಒಳಗೆ ಹಾವು ಆಡುತ್ತಿದೆಯೆಂದು ಮಕ್ಕಳು ಕುಣಿಯುವುದೂ, ಕೆಟ್ಟ ಮಾಲು ಕೊಟ್ಟನೆಂದು ಹಿರಿಯರು ಅಂಗಡಿಯವನನ್ನು ಬೈಯುವುದೂ ಸರ್ವಸಾಮಾನ್ಯ. ಅಂಗಡಿಯವನು ನಿರ್ದೋಷಿ. ಹೊಸ ಟ್ಯೂಬಿನಲ್ಲಿ ಒಳಗಿನ ದ್ರವ್ಯಗಳು ನೆಲೆಗೊಳ್ಳುವವರೆಗೆ ಹೀಗಾಗುವುದುಂಟು. ಕೆಲವು ಗಂಟೆ ಉರಿದರೆ, ಅಥವಾ ಒಂದೆರಡು ಸಲ ಆರಿಸಿ ಹೊತ್ತಿಸಿದರೆ, ತಾನಾಗಿಯೇ ಶಮನವಾಗುತ್ತದೆ.

ಟ್ಯೂಬನ್ನು ತಿರುಗಿಸುವ ಮೊಮ್ಮಗನನ್ನು ಅಪಹಾಸ್ಯ ಮಾಡುವವರಿದ್ದಾರೆ. ನಾನಂತೂ ಅವನ ಪಕ್ಷ. ಹೋಲ್ಡರಿನ ಹಿತ್ತಾಳೆಯ ತಗಡುಗಳು ಕಾಲಕ್ರಮದಲ್ಲಿ ಸಡಿಲಗೊಂಡೋ ಕಿಲುಬು ಹಿಡಿದೋ ಟ್ಯೂಬಿನ ಪಿನ್ನುಗಳನ್ನು ಸರಿಯಾಗಿ ಹಿಡಿಯದಾದಾಗ, ಆ ತಿರುಗಿಸುವಿಕೆಯ ಉಜ್ಜಾಟದಿಂದ ಸಂಪರ್ಕ ಮರಳಿ ಕೂಡುತ್ತದೆ, ದೀಪ ಹೊತ್ತುತ್ತದೆ. ಪೊರಕೆಯ ಏಟು ಫಲಿಸುವುದೂ ಇದೇ ಕಾರಣಕ್ಕೆ; ಆದರೆ ಅದು ಎದುರಿಗಿರುವ ಗಾಜನ್ನು ಮರೆತ ಚಿಕಿತ್ಸೆ. ಟ್ಯೂಬನ್ನು ಅದಲುಬದಲು ಮಾಡಿ, ಎಡತುದಿಯನ್ನು ಬಲಕ್ಕೆ ಹಾಕಿದರೆ ಹೊಸಜೀವ ಬರುತ್ತದೆಂಬ ಮಾತಿನಲ್ಲಿ ಮಾತ್ರ ಹುರುಳಿಲ್ಲ. ಸವೆದ ತಂತು ಯಾವ ಕಡೆಗೆ ಕುಳಿತರೂ ಸವೆದದ್ದೇ. ಹಾಗೆ ಮಾಡಿದಾಗ ಗುಣ ಕಂಡಿದ್ದರೆ ಅದು ಪಿನ್ನು ಉಜ್ಜಿದುದರ ಪುಣ್ಯ. ತಿರುಗಿಸಿದರೆ ಪದೇಪದೇ ಸರಿಹೋಗುವ ದೀಪಕ್ಕೆ ಬೇಕಾಗಿರುವುದು ಹೊಸ ಟ್ಯೂಬಲ್ಲ, ಹೊಸ ಹೋಲ್ಡರು.

ಟ್ಯೂಬಿನ ಮೈಮೇಲೆ ಕೈ ಸವರಿದರೆ ಹೊತ್ತಿಕೊಳ್ಳುತ್ತದೆಂಬ ಮಕ್ಕಳ ಆಟದಲ್ಲಿಯೂ ಭೌತಶಾಸ್ತ್ರದ ಒಂದು ಎಳೆಯಿದೆ. ನೆಲಕ್ಕೆ ಸಂಬಂಧವಿರುವ ವಾಹಕವೊಂದು ಗಾಜಿಗೆ ಸಮೀಪವಾದಾಗ ಒಳಗಣ ವಿದ್ಯುತ್ ಕ್ಷೇತ್ರ ಬದಲಾಗಿ, ಹೊತ್ತುವುದು ಸುಲಭವಾಗುತ್ತದೆ. ಟ್ಯೂಬಿನ ಹಿಂದಿರುವ ಲೋಹದ ಪಟ್ಟಿಗೆ ಅರ್ಥಿಂಗ್ ಕೊಟ್ಟಿದ್ದರೆ ಅದೂ ಇದೇ ಉಪಕಾರವನ್ನು ಮಾಡುತ್ತದೆ. ಹಾಗೆಂದು ಕೈಯಿಂದ ಸವರುವುದನ್ನು ನಾನು ಯಾರಿಗೂ ಬೋಧಿಸಲಾರೆ.

ವೋಲ್ಟೇಜಿನ ಮೇಲೆ ಅಪವಾದ ಹೊರಿಸಿದ ನೆರೆಮನೆಯಾತನ ಮಾತು ಪೇಟೆಯಲ್ಲಿ ಬಹುಮಟ್ಟಿಗೆ ಸುಳ್ಳು, ಹಳ್ಳಿಯಲ್ಲಿ ಎಷ್ಟೋ ಸಲ ನಿಜ. ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಚಾಲೂ ಆಗಿ ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಮನೆಗೆ ಬರುವ ವೋಲ್ಟೇಜು ಕುಸಿದಾಗ, ಬುರುಡೆ ದೀಪ ಕೆಂಪಾಗಿ ಮಂಕಾಗುತ್ತದೆ, ಫ್ಯಾನು ನಿಧಾನವಾಗುತ್ತದೆ. ಇವೆರಡೂ ಕೊಟ್ಟಷ್ಟರಲ್ಲಿ ಬಾಳುವೆ ಮಾಡತಕ್ಕವು. ಟ್ಯೂಬ್‌ಲೈಟಿನ ಪ್ರಕೃತಿ ಅಂತಹುದಲ್ಲ. ಹೊತ್ತಿದ ಜ್ವಾಲೆಯನ್ನು ಉಳಿಸಿಕೊಳ್ಳಲು ಬೇಕಾದ ವೋಲ್ಟೇಜು ದೊರೆಯದಿದ್ದರೆ ಅದು ಆರಿಯೇ ಹೋಗುತ್ತದೆ. ಆರಿದೊಡನೆ ಸ್ಟಾರ್ಟರು ತನ್ನ ಕೆಲಸವನ್ನು ಮೊದಲಿನಿಂದ ಆರಂಭಿಸುತ್ತದೆ. ಹೀಗೆ ರಾತ್ರಿಯ ಊಟ ಮುಗಿಯುವವರೆಗೂ ಮನೆಮಂದಿಯ ಕಣ್ಣೆದುರು ಈ ಹೊಯ್ದಾಟ ನಡೆಯುತ್ತದೆ. ಪರೀಕ್ಷೆ ಸುಲಭ: ಮನೆಯ ಎಲ್ಲ ಟ್ಯೂಬುಗಳೂ ಒಂದೇ ಹೊತ್ತಿಗೆ ಮಿಣುಕಿ, ಊರು ಮಲಗಿದ ಮೇಲೆ ಎಲ್ಲವೂ ಒಟ್ಟಿಗೆ ಸುಸ್ಥಿತಿಗೆ ಬಂದರೆ ದೋಷ ಸರಬರಾಜಿನದು, ಒಂದೇ ಟ್ಯೂಬು ಹಗಲಿರುಳೆನ್ನದೆ ಮಿಣುಕಿದರೆ ದೋಷ ಪಟ್ಟಿಯೊಳಗಿನದು. ಸ್ಟಾರ್ಟರನ್ನು ಕೊಳ್ಳುವಾಗ ಆಗುವ ಪ್ರಮಾದವೂ ಇದೇ ಬಗೆಯ ಮಿಣುಕನ್ನು ಉಂಟುಮಾಡಬಲ್ಲುದು. ಎರಡು ಅಡಿಯ ಟ್ಯೂಬುಗಳನ್ನು ಜೋಡಿಯಾಗಿ ಒಂದೇ ಚೋಕಿಗೆ ಕೂಡಿಸಿದಾಗ ಬಳಸತಕ್ಕ, 4ರಿಂದ 22 ವ್ಯಾಟ್ ಎಂದು ಬರೆದಿರುವ ಸ್ಟಾರ್ಟರು ಕಡಮೆ ವೋಲ್ಟೇಜಿಗೇ ಮಿನುಗುವಂಥದು. ಅದನ್ನು ನಾಲ್ಕಡಿಯ ಟ್ಯೂಬಿಗೆ ಸಿಕ್ಕಿಸಿದರೆ, ದೀಪ ಹೊತ್ತಿದ ಮೇಲೆಯೂ ಅದು ಸುಮ್ಮನಿರದೆ ಮತ್ತೆಮತ್ತೆ ನಡುವೆ ಬಾಯಿಹಾಕುವ ಸಂಭವವುಂಟು. ಡಬ್ಬಿಯ ಆಕಾರದಲ್ಲಿ ಎರಡಕ್ಕೂ ಭೇದವಿಲ್ಲದಿರುವುದರಿಂದ ಅದರ ಮೈಮೇಲಿನ ಅಂಕಿಯನ್ನು ಓದದೆ ಕೊಳ್ಳಬಾರದು.

ಮಡಿಕೇರಿಯಂತಹ ಮಲೆನಾಡಿನ ಊರಿನಲ್ಲಿ ಪುಷ್ಯಮಾಸದ ಮುಂಜಾವದಲ್ಲಿ ಟ್ಯೂಬು ಹೊತ್ತಲು ತಡಮಾಡಿದರೆ ಅದೊಂದು ರೋಗವಲ್ಲ. ಗಾಜಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸಿನ ಸುಮಾರಿನಲ್ಲಿದ್ದಾಗ ಪಾದರಸದ ಆವಿ ಹದವಾಗಿದ್ದು ಬೆಳಕು ಪೂರ್ಣವಾಗುವಂತೆ ಈ ಟ್ಯೂಬುಗಳನ್ನು ರೂಪಿಸಿರುತ್ತಾರೆ. ಚಳಿಯಲ್ಲಿ ಆ ಹದಕ್ಕೆ ಬರಲು ಹೊತ್ತು ಹಿಡಿಯುತ್ತದೆ.

ಇನ್ನು ಕಣ್ಣಿನ ವಿಚಾರ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಓದಿದರೆ ದೃಷ್ಟಿ ಹಾಳಾಗುತ್ತದೆಂದು ಹೆದರಿಸುವವರು ಒಂದು ಕಡೆ. ಕಣ್ಣಿಗೆ ಕಾಣದ ಮಿಣುಕು ಇಲ್ಲದ ಮಿಣುಕಿಗೆ ಸಮಾನವೆಂದು ಸಮಾಧಾನ ಹೇಳುವವರು ಇನ್ನೊಂದು ಕಡೆ. ಇಬ್ಬರೂ ಅತಿಗೆ ಹೋದವರೆಂದು ಹೇಳಬೇಕಾಗಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದುದರಿಂದ ಹಳೆಯ ಚೋಕಿನ ಟ್ಯೂಬು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಬಿಳಿಯ ಪುಡಿ ಬೆಳಕನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಆ ಇಳಿತವನ್ನು ಒಂದಿಷ್ಟು ತುಂಬಿಕೊಡುತ್ತದೆ. ಇದರಿಂದ ಕುರುಡು ಬರುವುದಿಲ್ಲ. ಆದರೆ ಇಂಗ್ಲೆಂಡಿನ ಕಚೇರಿಯೊಂದರಲ್ಲಿ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಏರಿಳಿತವನ್ನು ನಿವಾರಿಸಿದ ದೀಪಗಳ ಕೆಳಗೆ ಕುಳಿತ ನೌಕರರ ತಲೆನೋವು ಮತ್ತು ಕಣ್ಣಿನ ಆಯಾಸ ಅರ್ಧಕ್ಕಿಂತಲೂ ಕಡಮೆಯಾದುದು ಕಂಡುಬಂದಿತು. ಕಾಣದ ಮಿಣುಕೂ ಕೆಲವರ ದೇಹಕ್ಕೆ ತಿಳಿಯುತ್ತದೆಂಬುದಕ್ಕೆ ಇದು ಸಾಕ್ಷಿ.

ಅದಕ್ಕಿಂತ ಪ್ರತ್ಯಕ್ಷವಾದ ಅಪಾಯ ಇರುವುದು ಯಂತ್ರಗಳಿರುವ ಎಡೆಯಲ್ಲಿ. ಹಿಟ್ಟಿನ ಗಿರಣಿಯಲ್ಲಿಯೋ ಮರ ಕೊಯ್ಯುವ ಕಾರ್ಖಾನೆಯಲ್ಲಿಯೋ ಒಂದೇ ಟ್ಯೂಬಿನ ಬೆಳಕಿನಲ್ಲಿ ತಿರುಗುತ್ತಿರುವ ಚಕ್ರವು, ಅದರ ವೇಗ ಬೆಳಕಿನ ಏರಿಳಿತಕ್ಕೆ ಹೊಂದಿಕೊಂಡ ಪಕ್ಷದಲ್ಲಿ, ನಿಂತಂತೆಯೇ ಅಥವಾ ಮೆಲ್ಲನೆ ಹಿಂದಕ್ಕೆ ಚಲಿಸುವಂತೆಯೇ ಕಾಣುತ್ತದೆ. ಮಿನಿಟಿಗೆ 1500 ಸುತ್ತಿನ, ನಾಲ್ಕು ಕಡ್ಡಿಗಳ ಚಕ್ರವನ್ನು ತೆಗೆದುಕೊಂಡರೆ, ಎರಡು ಬೆಳಕಿನ ಮಿಡಿತಗಳ ನಡುವೆ ಅದು ಕಾಲು ಸುತ್ತನ್ನು ಸುತ್ತಿ, ಒಂದು ಕಡ್ಡಿಯ ಸ್ಥಾನಕ್ಕೆ ಸರಿಯಾಗಿ ಇನ್ನೊಂದು ಕಡ್ಡಿ ಬಂದು ನಿಂತಿರುತ್ತದೆ. ನಿಂತಿದೆಯೆಂದು ಬಗೆದು ಕೈಯಿಟ್ಟವನ ಪಾಡನ್ನು ವರ್ಣಿಸಬೇಕಾಗಿಲ್ಲ. ಆದುದರಿಂದಲೇ ಬಲ್ಲವರು ಕಾರ್ಖಾನೆಗಳಲ್ಲಿ ಅಕ್ಕಪಕ್ಕದ ಟ್ಯೂಬುಗಳನ್ನು ಬೇರೆಬೇರೆ ಫೇಸಿಗೆ ಜೋಡಿಸುತ್ತಿದ್ದರು. ಒಂದು ಇಳಿಯುವಾಗ ಇನ್ನೊಂದು ಏರಿರುತ್ತದೆ. ಹಳೆಯ ಸುರುಳಿಯ ಚೋಕಿನ ಬದಲಿಗೆ ಬಳಸುವ ಎಲೆಕ್ಟ್ರಾನಿಕ್ ಚೋಕು ಸೆಕೆಂಡಿಗೆ 20 ಸಾವಿರಕ್ಕೂ ಮೀರಿದ ಆವರ್ತನದಲ್ಲಿ ಕೆಲಸ ಮಾಡುವುದರಿಂದ ಈ ದೋಷದಿಂದ ಬಹುಮಟ್ಟಿಗೆ ಮುಕ್ತವಾಗಿದೆ. ಅದಕ್ಕೆ ಸ್ಟಾರ್ಟರೂ ಬೇಡ. ಎಲೆಕ್ಟ್ರಾನಿಕ್ ಚೋಕಿನ ಪಟ್ಟಿಗೆ ಸ್ಟಾರ್ಟರಿಲ್ಲವೆಂದು ಹುಡುಕಾಡುವ ಶ್ರಮವನ್ನು ಓದುಗರು ಉಳಿಸಿಕೊಳ್ಳಬಹುದು. ಅದು ಮಿಣುಕಿದರೆ ಟ್ಯೂಬು ಮುದಿಯಾಗಿರಬೇಕು, ಇಲ್ಲವೇ ಚೋಕಿನೊಳಗಣ ಕೆಪಾಸಿಟರು ಒಣಗಿರಬೇಕು. ಎರಡನೆಯ ಪಕ್ಷದಲ್ಲಿ ಚೋಕನ್ನೇ ಬದಲಾಯಿಸುವುದು ವಾಡಿಕೆ.

ಆರಿಸಿ ಹೊತ್ತಿಸುವುದಕ್ಕೆ ತಗಲುವ ಕರೆಂಟಿನಲ್ಲಿ ಗಂಟೆಗಟ್ಟಲೆ ಉರಿಸಬಹುದೆಂಬ ನಂಬಿಕೆಯಿಂದ, ಊಟಕ್ಕೆ ಎದ್ದುಹೋದಾಗಲೂ ಖಾಲಿ ಕೋಣೆಯ ದೀಪವನ್ನು ಬೆಳಗುತ್ತಲೇ ಬಿಡುವ ಮನೆಗಳು ಬಹಳ. ಹೊತ್ತುವಾಗ ತಂತುಗಳ ಮೂಲಕ ಸಾಮಾನ್ಯಕ್ಕಿಂತ ಹೆಚ್ಚು, ಎಂದರೆ 0.65 ಆಂಪಿಯರಿನಷ್ಟು, ವಿದ್ಯುತ್ತು ಹರಿಯುವುದು ನಿಜ. ಆದರೆ ಅದು ಒಂದೆರಡು ಸೆಕೆಂಡಿನ ಮಾತು. ಉರಿಯುವಾಗಿನ ಎರಡರಷ್ಟು ವ್ಯಯವಾಗುತ್ತದೆಂದೇ ಧಾರಾಳವಾಗಿ ಎಣಿಸಿ, ಹೊತ್ತಲು ಮೂರು ಸೆಕೆಂಡು ಹಿಡಿಯಿತೆಂದುಕೊಂಡರೂ, ಆರು ಸೆಕೆಂಡು ಉರಿದಷ್ಟು ಮಾತ್ರ ಖರ್ಚು ಬೀಳುತ್ತದೆ. ಈ ನಂಬಿಕೆಯ ಹಿಂದೆ ಅಡಗಿರುವ ಸತ್ಯಾಂಶ ಬೇರೆಯದು: ಪ್ರತಿಯೊಂದು ಹೊತ್ತಿಸುವಿಕೆಯಿಂದಲೂ ತಂತುವಿನ ಲೇಪ ಇಷ್ಟಿಷ್ಟು ಸವೆಯುತ್ತದೆ. ಸವೆಯುವುದು ಟ್ಯೂಬಿನ ಆಯುಸ್ಸು, ಬೆಳೆಯುವುದು ಬಿಲ್ಲಲ್ಲ. ನಿಮಿಷಕ್ಕೊಮ್ಮೆ ಒಳಗೆ ಹೊರಗೆ ಓಡಾಡುವ ಬಚ್ಚಲುಮನೆಗೆ ಟ್ಯೂಬ್‌ಲೈಟು ತಕ್ಕುದಲ್ಲವೆಂಬುದಕ್ಕೆ ಇದೇ ಕಾರಣ.

ಚೋಕು ಗುಂಯ್ ಎಂದರೆ ಸಿಡಿಯುವ ಸೂಚನೆಯೆಂದು ಗಾಬರಿಪಡಬೇಕಾಗಿಲ್ಲ. ಒಳಗಿನ ಕಬ್ಬಿಣದ ತಗಡುಗಳೋ ಅದನ್ನು ಪಟ್ಟಿಗೆ ಬಿಗಿದ ಸ್ಕ್ರೂಗಳೋ ಸಡಿಲವಾಗಿ ಕಂಪಿಸುತ್ತವೆ, ಅಷ್ಟೆ. ಮುಟ್ಟಿದರೆ ಕೈ ಹಿಂತೆಗೆಯುವಷ್ಟು ಬಿಸಿಯಾಗುವುದೂ ಅದರ ಸ್ವಭಾವವೇ. ಸುಟ್ಟ ವಾಸನೆ ಬಂದರೆ, ಅಥವಾ ಒಳಗಿನಿಂದ ಟಾರಿನಂತಹ ಕಪ್ಪು ದ್ರವ್ಯ ಒಸರಿದರೆ ಮಾತ್ರ ತತ್‌ಕ್ಷಣ ಮೈನ್ ತೆಗೆದು ಬಿಡಬೇಕು.

ಮೈನ್ ಎಂದು ನಾನು ಹೇಳಿದುದು ಬುದ್ಧಿಪೂರ್ವಕವಾಗಿ. ಗೋಡೆಯ ಸ್ವಿಚ್ಚನ್ನು ಆರಿಸಿದರೆ ಪಟ್ಟಿಯನ್ನು ಬಿಚ್ಚಲಡ್ಡಿಯಿಲ್ಲವೆಂಬುದು ಈ ಲೇಖನದಲ್ಲಿ ಹೇಳಿದ ಎಲ್ಲ ತಪ್ಪು ಕಲ್ಪನೆಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲ ಏಕಮಾತ್ರ ಕಲ್ಪನೆ. ಸ್ವಿಚ್ಚನ್ನು ಫೇಸಿನ ತಂತಿಯಲ್ಲಿ ಕೂರಿಸಬೇಕೆಂಬುದು ನಿಯಮ; ಹಳೆಯ ಮನೆಗಳಲ್ಲಿ, ಅವಸರದ ವೈರಿಂಗಿನಲ್ಲಿ, ಅದನ್ನು ನ್ಯೂಟ್ರಲಿನ ತಂತಿಯಲ್ಲಿ ಕೂರಿಸಿರುವ ಉದಾಹರಣೆಗಳು ವಿರಳವಲ್ಲ. ಹಾಗಿದ್ದಲ್ಲಿ ಸ್ವಿಚ್ಚು ಆರಿಸಿದಾಗ ದೀಪ ಆರುತ್ತದೆ, ಆದರೆ ಹೋಲ್ಡರಿನ ತಗಡಿನವರೆಗೂ ಫೇಸು ಬಂದು ಕುಳಿತೇ ಇರುತ್ತದೆ. ಸ್ವಿಚ್ಚು ಆರಿಸಿದ ಮೇಲೆಯೂ ಕತ್ತಲಲ್ಲಿ ಟ್ಯೂಬು ಮಿಣ್ಣಗೆ ಬೆಳಗುತ್ತಿದ್ದರೆ ಅಥವಾ ಆಗೊಮ್ಮೆ ಈಗೊಮ್ಮೆ ಮಿಂಚಿದರೆ, ಇದನ್ನೇ ಮೊದಲು ಸಂಶಯಿಸತಕ್ಕದ್ದು. ದೆವ್ವದ ಕಾಟವೆಂದು ತಾಯಿತ ಕಟ್ಟಿಸುವ ಮುನ್ನ ಒಬ್ಬ ಎಲೆಕ್ಟ್ರಿಷಿಯನ್ನನ ಕೈಯಲ್ಲಿ ಟೆಸ್ಟರು ಹಿಡಿಸಿ ನೋಡುವುದೊಳಿತು. ಮೈನ್ ತೆಗೆದು, ಒಣಗಿದ ಮರದ ಸ್ಟೂಲಿನ ಮೇಲೆ ನಿಂತು, ಟ್ಯೂಬನ್ನು ಎರಡು ಕೈಗಳಿಂದಲೂ ಹಿಡಿದು ಸಮವಾಗಿ ತಿರುಗಿಸಿ ಇಳಿಸುವುದು ಸರಿಯಾದ ಕ್ರಮ.

ಈಗ ಅಂಗಡಿಗಳಲ್ಲಿ ಎಲ್‌ಇಡಿ ಟ್ಯೂಬುಗಳೇ ಹೆಚ್ಚಾಗಿ ದೊರೆಯುತ್ತಿರುವುದರಿಂದ, ಹಳೆಯ ಪಟ್ಟಿಗೆ ಅದನ್ನೇ ಸಿಕ್ಕಿಸಿದರೆ ಸಾಕೆಂದು ಭಾವಿಸುವವರು ಹೆಚ್ಚಿದ್ದಾರೆ. ಕೆಲವು ಬಗೆಯವು ಹಾಗೆ ಉರಿಯುವುದುಂಟು. ಹಲವಕ್ಕೆ ಚೋಕನ್ನೂ ಸ್ಟಾರ್ಟರನ್ನೂ ತೆಗೆದು ತಂತಿಗಳನ್ನು ನೇರವಾಗಿ ಕೂಡಿಸಬೇಕು, ಅದರಲ್ಲಿಯೂ ಕೆಲವಕ್ಕೆ ಒಂದೇ ತುದಿಯಿಂದ ವಿದ್ಯುತ್ತು ಕೊಡಬೇಕು. ಯಾವುದು ಹೇಗೆಂಬುದನ್ನು ಅದರ ಪೊಟ್ಟಣದ ಮೇಲಣ ಚಿತ್ರವೇ ಹೇಳುತ್ತದೆ. ಹೊಂದದ ಜೋಡಣೆಯಲ್ಲಿ ಎಲ್‌ಇಡಿಯೂ ಹಳೆಯ ಟ್ಯೂಬಿಗಿಂತ ಭೀಕರವಾಗಿ ಮಿಣುಕಬಲ್ಲುದು. ಪಾದರಸದ ದೀಪಗಳ ಕಾಲವಂತೂ ಮುಗಿಯುತ್ತ ಬಂದಿದೆ: ಪಾದರಸದ ಬಳಕೆಯನ್ನು ತಗ್ಗಿಸಲೆಂದು ರಾಷ್ಟ್ರಗಳು ಮಾಡಿಕೊಂಡಿರುವ ಮಿನಾಮಾಟಾ ಒಡಂಬಡಿಕೆಯ ಸದಸ್ಯರು, ಈ ಉದ್ದ ಟ್ಯೂಬುಗಳ ತಯಾರಿಕೆಯನ್ನೂ ಆಮದು ರಫ್ತುಗಳನ್ನೂ 2027ರ ವೇಳೆಗೆ ನಿಲ್ಲಿಸುವುದೆಂದು 2023ರಲ್ಲಿ ನಿಶ್ಚಯಿಸಿದ್ದಾರೆ, ಭಾರತವೂ ಅದರ ಸದಸ್ಯ ರಾಷ್ಟ್ರ.

ಹೀಗೆ ಬಿಚ್ಚಿ ತೆಗೆದ ಹಳೆಯ ಟ್ಯೂಬು ಹಿತ್ತಿಲಿನ ಗೋಡೆಗೆ ಒರಗಿ, ಒಂದು ದಿನ ಹುಡುಗರ ಕೈಗೆ ಸಿಕ್ಕಿ ಢಬ್ಬೆಂದು ಒಡೆಯುವುದು ನಮ್ಮಲ್ಲಿ ರೂಢಿ. ಒಂದು ಟ್ಯೂಬು ಒಡೆದರೆ ಮನೆಮಂದಿಗೆಲ್ಲ ವಿಷವೇರುತ್ತದೆಂಬ ಭಯವೂ ಅತಿರೇಕವೇ, ಏನೂ ಆಗದೆಂಬ ಧೈರ್ಯವೂ ಅತಿರೇಕವೇ. ಒಡೆದಾಗ ಕಿಟಕಿಗಳನ್ನು ತೆರೆದು ಕಾಲು ಗಂಟೆ ಕೋಣೆಯಿಂದ ಹೊರಗಿರಬೇಕು. ಪೊರಕೆಯಿಂದ ಗುಡಿಸಿ ಪುಡಿಯನ್ನು ಗಾಳಿಗೆಬ್ಬಿಸದೆ, ಚೂರುಗಳನ್ನು ಗಟ್ಟಿ ಕಾಗದದಿಂದ ಒಟ್ಟುಮಾಡಿ, ಉಳಿದುದನ್ನು ಒದ್ದೆಯ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಯೊಳಗೆ ಹಾಕಿ ಮುಚ್ಚಬೇಕು. ಒಡೆಯದ ಟ್ಯೂಬು ಊರಿನ ಕಸದ ಗಾಡಿಯಲ್ಲಿ ತರಕಾರಿ ಸಿಪ್ಪೆಯೊಡನೆ ಹೋಗತಕ್ಕದ್ದಲ್ಲ. ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳು ಪಾದರಸವಿರುವ ದೀಪಗಳನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಂಡಿರುವುದರಿಂದ, ಅದನ್ನು ಕೊಂಡಾಗಿನ ರಟ್ಟಿನ ಕೊಳವೆಯಲ್ಲಿಯೇ ಇಟ್ಟು ಇ-ತ್ಯಾಜ್ಯವನ್ನು ಸಂಗ್ರಹಿಸುವವರ ಕೈಗೆ ಕೊಡಬೇಕು.